ಲಿಥುವೇನಿಯಾದ ಶಾಲೆಗಳು, ಅಲ್ಲಿನ ಮಕ್ಕಳ ಯೂನಿಫಾರ್ಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಲಿಥುವೇನಿಯಾ ಬಾಲ್ಟಿಕ್ ಸಮುದ್ರದ ದಂಡೆಯ ಪುಟ್ಟ ದೇಶ. ಜನಸಂಖ್ಯೆ ಮೂವತ್ತು ಲಕ್ಷದ ಆಸುಪಾಸು. ಆದರೆ ಅದರ ಶಾಲೆಗಳ ಕಥೆ ಮಾತ್ರ ಪುಟ್ಟದಲ್ಲ. ಪೋಲಿಷ್ ಪ್ರಭುಗಳು, ರಷ್ಯಾದ ತ್ಸಾರ್ (ಅಲ್ಲಿನ ಚಕ್ರವರ್ತಿ), ಜರ್ಮನ್ ಸೈನ್ಯ, ಸೋವಿಯತ್ ಅಧಿಕಾರಿಗಳು, ಹೀಗೆ ಬಂದವರೆಲ್ಲ ಮೊದಲು ಕೈ ಹಾಕಿದ್ದು ಶಾಲೆಗೇ. ಮಕ್ಕಳ ಮೈಮೇಲಿನ ಬಟ್ಟೆಯೂ ಹಾಗೇ ಬದಲಾಗುತ್ತಾ ಬಂತು.

ಅಲ್ಲಿ ಶಾಲೆ ಅಂತ ಶುರುವಾಗಿದ್ದು ಯಾವಾಗ?

ಯುರೋಪಿನಲ್ಲಿ ಕ್ರೈಸ್ತ ಧರ್ಮವನ್ನು ತೀರಾ ತಡವಾಗಿ ಒಪ್ಪಿಕೊಂಡ ದೇಶಗಳಲ್ಲಿ ಲಿಥುವೇನಿಯಾ ಒಂದು. ಅದು ನಡೆದದ್ದು 1387ರಲ್ಲಿ. ಅದಾಗಿ ಹತ್ತು ವರ್ಷಕ್ಕೆ, 1397ರಲ್ಲಿ, ರಾಜಧಾನಿ ವಿಲ್ನಿಯಸ್‌ನ ದೊಡ್ಡ ಚರ್ಚಿಗೆ ಸೇರಿದ ಶಾಲೆಯ ಹೆಸರು ದಾಖಲೆಯಲ್ಲಿ ಮೊದಲ ಸಲ ಸಿಗುತ್ತದೆ. 1569ರಲ್ಲಿ ಜೆಸ್ವಿಟ್ ಪಾದ್ರಿಗಳು ಬಂದರು, ಮರು ವರ್ಷವೇ ಕಾಲೇಜು ತೆರೆದರು. 1579ರಲ್ಲಿ ದೊರೆ ಸ್ಟೀಫನ್ ಬಾತೋರಿ ಅದನ್ನು ವಿಶ್ವವಿದ್ಯಾಲಯದ ಮಟ್ಟಕ್ಕೆ ಏರಿಸಿದ. ಇವತ್ತಿನ ವಿಲ್ನಿಯಸ್ ವಿಶ್ವವಿದ್ಯಾಲಯ ಅದೇ.

1773ರಲ್ಲಿ ಪೋಪ್ ಜೆಸ್ವಿಟ್ ಸಂಘವನ್ನೇ ವಿಸರ್ಜಿಸಿದಾಗ ಅವರ ಆಸ್ತಿ, ಶಾಲೆಗಳೆಲ್ಲ ಯಾರ ಕೈಗೆ ಅನ್ನುವ ಪ್ರಶ್ನೆ ಎದ್ದಿತು. ಅವನ್ನು ನೋಡಿಕೊಳ್ಳಲು ಪೋಲೆಂಡ್-ಲಿಥುವೇನಿಯಾ ಸರ್ಕಾರ (ಆಗ ಎರಡೂ ಒಬ್ಬನೇ ದೊರೆಯ ಕೆಳಗಿನ ಜೋಡಿ ದೇಶ) ಒಂದು ಶಿಕ್ಷಣ ಆಯೋಗ ಮಾಡಿತು. ಯುರೋಪಿನ ಮೊದಲ ಶಿಕ್ಷಣ ಇಲಾಖೆ ಅಂತ ಇದನ್ನೇ ಕರೆಯುವುದುಂಟು.

ಆಗ ಪಾಠ ಲಿಥುವೇನಿಯನ್ ಭಾಷೆಯಲ್ಲೇ ನಡೀತಿತ್ತಾ?

ಇಲ್ಲ. ದೊಡ್ಡ ಶಾಲೆಗಳಲ್ಲಿ ಲ್ಯಾಟಿನ್, ಆಮೇಲೆ ಪೋಲಿಷ್. ಲಿಥುವೇನಿಯನ್ ಅಂದರೆ ಹೊಲಗದ್ದೆಯವರ ಭಾಷೆ ಅಂತ ಜಮೀನ್ದಾರರ ಎಣಿಕೆ. ಅವರ ಮನೆಗಳಲ್ಲೂ ಕಾಲಕ್ರಮೇಣ ಪೋಲಿಷ್ ಬಂದು ಕೂತಿತು. ಈ ಭಾಷೆಯ ಮೊದಲ ಅಚ್ಚಾದ ಪುಸ್ತಕ ಕೂಡ ಲಿಥುವೇನಿಯಾದ ಒಳಗೆ ಹುಟ್ಟಲಿಲ್ಲ. ಮಾರ್ಟಿನಾಸ್ ಮಾಜ್ವಿದಾಸ್ ಅದನ್ನು 1547ರಲ್ಲಿ ಪಕ್ಕದ ಜರ್ಮನ್ ನಾಡು ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ ಅಚ್ಚು ಹಾಕಿಸಿದ. ಅದು ಧರ್ಮಬೋಧೆಯ ಪುಸ್ತಕ, ಆದರೆ ಅದರೊಳಗೆ ಅಕ್ಷರ ಕಲಿಸುವ ಕೆಲವು ಪುಟಗಳೂ ಇವೆ. ಅವರ ಮೊದಲ ವರ್ಣಮಾಲೆ ಪುಸ್ತಕ ಅಂತಲೂ ಅದನ್ನೇ ಹೇಳಬಹುದು.

ಯೂನಿಫಾರ್ಮ್ ತಂದವರು ಯಾರು?

ರಷ್ಯಾದ ತ್ಸಾರ್ ಸರ್ಕಾರ. 1795ರಲ್ಲಿ ದೇಶದ ಬಹುಭಾಗ ರಷ್ಯಾದ ಪಾಲಾಯಿತು. 19ನೇ ಶತಮಾನದಲ್ಲಿ ರಷ್ಯಾದ ಹೈಸ್ಕೂಲುಗಳಿಗೆ, ಅಂದರೆ ಜಿಮ್ನಾಸಿಯಂಗಳಿಗೆ (ಇದು ಕಸರತ್ತಿನ ಜಿಮ್ ಅಲ್ಲ), ಸರ್ಕಾರವೇ ಬಟ್ಟೆ ಗೊತ್ತು ಮಾಡಿತು. ಹುಡುಗರಿಗೆ ಸೈನಿಕರ ಥರ ಲೋಹದ ಗುಂಡಿಗಳ ಕೋಟು, ಸೊಂಟಕ್ಕೆ ಬೆಲ್ಟು, ಬ್ಯಾಡ್ಜ್ ಇರುವ ಟೋಪಿ. ಹುಡುಗಿಯರಿಗೆ ಕಂದು ಬಣ್ಣದ ಉಣ್ಣೆಯ ಉಡುಪು, ಮೇಲೆ ಕಪ್ಪು ಏಪ್ರನ್. ಹಬ್ಬದ ದಿನ ಮಾತ್ರ ಬಿಳಿ ಏಪ್ರನ್. ಈ ಕಂದು-ಕಪ್ಪು ಜೋಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಆ ಟೋಪಿ ಎಲ್ಲರಿಗೂ ಸಿಗುವಂಥದ್ದಲ್ಲ. ಜಿಮ್ನಾಸಿಯಂಗೆ ಫೀಸು ಕಟ್ಟಬೇಕು, ಬಟ್ಟೆ ಹೊಲಿಸಬೇಕು, ಊರು ಬಿಟ್ಟು ಪಟ್ಟಣದಲ್ಲಿ ಇರಬೇಕು. ಸಾಲದ್ದಕ್ಕೆ 1887ರಲ್ಲಿ ಶಿಕ್ಷಣ ಮಂತ್ರಿ ಇವಾನ್ ದೆಲ್ಯಾನೋವ್ ಒಂದು ಸುತ್ತೋಲೆ ಹೊರಡಿಸಿದ. ಗಾಡಿ ಹೊಡೆಯುವವರು, ಅಡುಗೆಯವರು, ಬಟ್ಟೆ ಒಗೆಯುವವರು, ಸಣ್ಣ ಅಂಗಡಿಯವರು, ಇಂಥವರ ಮಕ್ಕಳನ್ನು ಜಿಮ್ನಾಸಿಯಂಗೆ ಸೇರಿಸಿಕೊಳ್ಳುವುದನ್ನು ಕಡಿಮೆ ಮಾಡಿ ಅನ್ನುವುದು ಅದರ ತಾತ್ಪರ್ಯ. ಯಾರ್ಯಾರು ಓದಬಾರದು ಅಂತ ಇಷ್ಟು ಬಿಡಿಸಿ ಬರೆದ ಸರ್ಕಾರಿ ಕಾಗದ ಅಪರೂಪ.

ಲಿಥುವೇನಿಯನ್ ಅಕ್ಷರಗಳನ್ನೇ ನಿಷೇಧಿಸಿದ್ದರು ಅನ್ನುತ್ತಾರಲ್ಲ, ನಿಜಾನಾ?

ನಿಜ. 1863ರಲ್ಲಿ ರಷ್ಯಾದ ವಿರುದ್ಧ ದಂಗೆ ಎದ್ದಿತು. ಅದನ್ನು ರಕ್ತ ಹರಿಸಿ ಅಡಗಿಸಿದ ಗವರ್ನರ್ ಜನರಲ್ ಮುರಾವ್ಯೋವ್‌ಗೆ ಜನ ಇಟ್ಟ ಹೆಸರು 'ನೇಣುಗಾರ'. ದಂಗೆಯ ಬೇರು ಶಾಲೆ, ಚರ್ಚು ಮತ್ತು ಪುಸ್ತಕಗಳಲ್ಲಿದೆ ಅಂತ ಸರ್ಕಾರಕ್ಕೆ ಅನಿಸಿತು. 1864ರಿಂದ ನಿಷೇಧ ಶುರುವಾಯಿತು. ಲಿಥುವೇನಿಯನ್ ಭಾಷೆಯಲ್ಲಿ ಏನೇ ಅಚ್ಚು ಹಾಕಿದರೂ ರಷ್ಯನ್ ಲಿಪಿಯಲ್ಲೇ ಹಾಕಬೇಕು, ಲ್ಯಾಟಿನ್ ಲಿಪಿ ಕೂಡದು. ಚರ್ಚಿನ ಶಾಲೆಗಳನ್ನು ಮುಚ್ಚಿಸಿ ರಷ್ಯನ್ ಸರ್ಕಾರಿ ಶಾಲೆ ತೆರೆದರು. ಕ್ಯಾಥೊಲಿಕ್ ಲಿಥುವೇನಿಯನ್ನರಿಗೆ ಅಲ್ಲಿ ಮೇಷ್ಟ್ರ ಕೆಲಸವೂ ಇಲ್ಲ.

ಸರ್ಕಾರ ತಾನೇ ರಷ್ಯನ್ ಲಿಪಿಯಲ್ಲಿ ಲಿಥುವೇನಿಯನ್ ಪುಸ್ತಕ ಮಾಡಿಸಿ ಹಂಚಿತು. ಜನ ಮುಟ್ಟಲಿಲ್ಲ. ಲಿಪಿ ಬದಲಾದರೆ ಧರ್ಮವೂ ಬದಲಾಗುತ್ತದೆ ಅಂತ ಅವರಿಗೆ ಅನುಮಾನ. ನಿಷೇಧ 40 ವರ್ಷ ನಡೆಯಿತು, ತೆಗೆದದ್ದು 1904ರ ಮೇ 7ರಂದು.

ಮತ್ತೆ ಓದೋಕೆ ಪುಸ್ತಕ ಎಲ್ಲಿಂದ?

ಗಡಿಯಾಚೆಯಿಂದ. ಪೂರ್ವ ಪ್ರಷ್ಯಾದ ಟಿಲ್ಸಿಟ್ ಪಟ್ಟಣದಲ್ಲಿ ಅಚ್ಚಾಗುತ್ತಿತ್ತು, ರಾತ್ರಿ ಗಡಿ ದಾಟುತ್ತಿತ್ತು. ಈ ಕೆಲಸಕ್ಕೆ ಮೊಟ್ಟಮೊದಲಿಗೆ ದುಡ್ಡು, ದಾರಿ ಎರಡನ್ನೂ ಹೊಂದಿಸಿದವರು ಬಿಷಪ್ ಮೋತಿಯೇಯುಸ್ ವಲಾನ್ಚಿಯುಸ್. ಚೀಲದಲ್ಲಿ, ಹುಲ್ಲಿನ ಗಾಡಿಯಲ್ಲಿ, ಅಂಗಿಯೊಳಗೆ, ಹೇಗೆ ಆಗುತ್ತದೋ ಹಾಗೆ ತಂದರು. ಸಿಕ್ಕಿಬಿದ್ದರೆ ಜೈಲು, ಇಲ್ಲವೇ ಸೈಬೀರಿಯಾ. ಗಡಿಯಲ್ಲಿ ಗುಂಡೇಟು ತಿಂದವರೂ ಇದ್ದಾರೆ.

ನನಗೆ ತುಂಬ ಹಿಡಿಸಿದ ಉಪಾಯ ಬೇರೆ. ಪ್ರಾರ್ಥನಾ ಪುಸ್ತಕದ ಮೊದಲ ಪುಟದಲ್ಲಿ ನಿಷೇಧಕ್ಕೆ ಮುಂಚಿನ ಇಸವಿಯನ್ನೂ ವಿಲ್ನಿಯಸ್‌ನ ಹಳೇ ಪ್ರೆಸ್ಸಿನ ಹೆಸರನ್ನೂ ಹಾಕಿಬಿಡುತ್ತಿದ್ದರು. ಪೊಲೀಸ್ ಬಂದರೆ, "ಇದು ನಮ್ಮಜ್ಜಿ ಕಾಲದ್ದು ಸ್ವಾಮಿ" ಅನ್ನಬಹುದಲ್ಲ.

ಈ ಕಳ್ಳಸಾಗಣೆಗಾರರಲ್ಲಿ ದೊಡ್ಡ ಹೆಸರು ಯುರ್ಗಿಸ್ ಬೆಲಿನಿಸ್. ಮೂರು ದಶಕ ಇದೇ ಕೆಲಸ ಮಾಡಿದ. ಅವನು ಹುಟ್ಟಿದ ಮಾರ್ಚ್ 16 ಈಗ ಅಲ್ಲಿ ಪುಸ್ತಕ ಸಾಗಿಸಿದವರ ದಿನ. ಬೇರೆ ದೇಶಗಳು ದಂಡನಾಯಕರ ಹೆಸರಲ್ಲಿ ದಿನ ಆಚರಿಸಿದರೆ ಇವರು ಕಳ್ಳಸಾಗಣೆದಾರನ ಹೆಸರಲ್ಲಿ ಆಚರಿಸುತ್ತಾರೆ!

ಗುಟ್ಟಿನ ಶಾಲೆ ಅಂದರೆ ಏನು? ಹೇಗೆ ನಡೀತಿತ್ತು?

ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂತಾದರೆ ಇದನ್ನು ಓದಿ.

ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸಲು ಹಳ್ಳಿಯವರಿಗೆ ಮನಸ್ಸಿಲ್ಲ. ಬೇರೆ ಶಾಲೆ ತೆರೆಯಲು ಕಾನೂನು ಬಿಡುವುದಿಲ್ಲ. ಆಗ ಊರವರೇ ಒಬ್ಬ ಮೇಷ್ಟ್ರನ್ನು ಹಿಡಿಯುತ್ತಿದ್ದರು. ಅವನಿಗೆ ದರಾಕ್ತೋರಿಯುಸ್ ಅಂತ ಹೆಸರು. ಪಾಸಾದ ಸರ್ಟಿಫಿಕೇಟ್ ಏನೂ ಇರುತ್ತಿರಲಿಲ್ಲ. ಓದಲು ಬರುವ ರೈತ, ಹೊಲ ಮಾಡಲಾಗದ ಮುದುಕ, ಕಾಲು ಊನವಾದ ಹಳೇ ಸೈನಿಕ, ಹೀಗೆ ಯಾರಾದರೂ ಸರಿ. ಹೆಂಗಸರೂ ಇರುತ್ತಿದ್ದರು. ಬೆಳೆ ಮನೆಗೆ ಬಂದ ಮೇಲೆ, ದನ ಕೊಟ್ಟಿಗೆ ಸೇರಿದ ಮೇಲೆ, ಚಳಿಗಾಲದಲ್ಲಿ ಪಾಠ. ಈ ಮನೆಯಲ್ಲಿ ಕೆಲವು ದಿನ, ಆ ಮನೆಯಲ್ಲಿ ಕೆಲವು ದಿನ. ಯಾರ ಮನೆಯಲ್ಲಿ ಪಾಠವೋ ಅವರ ಮನೆಯಲ್ಲೇ ಮೇಷ್ಟ್ರಿಗೆ ಊಟ, ಮಲಗಲು ಜಾಗ. ಸಂಬಳದಲ್ಲಿ ಒಂದಷ್ಟು ದುಡ್ಡು, ಒಂದಷ್ಟು ದವಸ.

ಪಠ್ಯ ಅಂದರೆ ವರ್ಣಮಾಲೆಯ ಪುಸ್ತಕ ಮತ್ತು ಪ್ರಾರ್ಥನಾ ಪುಸ್ತಕ. ಒಬ್ಬ ಹುಡುಗನನ್ನು ಹೊರಗೆ ಕಾವಲಿಗೆ ಬಿಡುತ್ತಿದ್ದರು. ಪೊಲೀಸ್ ಬರುವ ಸುಳಿವು ಸಿಕ್ಕರೆ ಪುಸ್ತಕ ಮಾಯ. ಮಕ್ಕಳು ಸುಮ್ನೆ ಆಟ ಆಡಲು ಬಂದವರ ಹಾಗೆ ಚದುರುತ್ತಿದ್ದರು. ಸಿಕ್ಕಿಬಿದ್ದರೆ ಮೇಷ್ಟ್ರಿಗೂ ಮನೆಯವರಿಗೂ ದಂಡ, ಇಲ್ಲವೇ ಜೈಲು.

ಇದರಿಂದ ಏನು ಸಾಧಿಸಿದರು ಅಂತ ಕೇಳುವವರಿಗೆ 1897ರ ರಷ್ಯಾದ ಜನಗಣತಿ ಉತ್ತರ ಕೊಡುತ್ತದೆ. ಇಡೀ ಸಾಮ್ರಾಜ್ಯದಲ್ಲಿ ಓದಲು ಬರುವವರು ನೂರಕ್ಕೆ ಸುಮಾರು 21. ಲಿಥುವೇನಿಯನ್ನರು ಜಾಸ್ತಿ ಇದ್ದ ಕೋವ್ನೋ ಪ್ರಾಂತ್ಯದಲ್ಲಿ (ಈಗಿನ ಕೌನಸ್ ಕಡೆ) ಹೆಚ್ಚುಕಡಿಮೆ ಅದರ ಎರಡರಷ್ಟು. ಸರ್ಕಾರಿ ಶಾಲೆಗೆ ಬೆನ್ನು ತಿರುಗಿಸಿದ ಊರುಗಳಲ್ಲಿ ಇಷ್ಟು ಜನ ಓದು ಕಲಿತಿದ್ದರು. ಯೂನಿಫಾರ್ಮ್ ಇಲ್ಲ, ಕಟ್ಟಡ ಇಲ್ಲ, ಗಂಟೆ ಇಲ್ಲ. ಆ ದೇಶದ ಚರಿತ್ರೆಯಲ್ಲಿ ಅತ್ಯಂತ ಚೆನ್ನಾಗಿ ನಡೆದ ಶಾಲೆ ಇದೇ ಅಂತ ನನ್ನ ಲೆಕ್ಕ.

ರಾಟೆ ಮುಂದೆ ತಾಯಿ, ಪಕ್ಕದಲ್ಲಿ ಓದುವ ಮಗು ಇರುವ ಶಿಲ್ಪ ಇದಕ್ಕೇ ಸಂಬಂಧಿಸಿದ್ದಾ?

ಹೌದು. ಪೆತ್ರಸ್ ರಿಮ್ಶಾ 1906ರಲ್ಲಿ ಮಾಡಿದ್ದು, ಹೆಸರು 'ಲಿಥುವೇನಿಯಾದ ಶಾಲೆ'. ತಾಯಿ ರಾಟೆಯಲ್ಲಿ ನೂಲು ತೆಗೆಯುತ್ತಿದ್ದಾಳೆ, ಮಗು ಅವಳ ಪಕ್ಕ ಪುಸ್ತಕ ಹಿಡಿದಿದೆ. ಕೈ ಕೆಲಸ ಬಿಡುವ ಹಾಗಿಲ್ಲ, ಮಗುವಿನ ಓದೂ ತಪ್ಪುವ ಹಾಗಿಲ್ಲ. ಎಷ್ಟೋ ಮನೆಗಳಲ್ಲಿ ಮೇಷ್ಟ್ರಿಗೂ ಮೊದಲು ಅಕ್ಷರ ಕಲಿಸಿದವಳು ಅಮ್ಮನೇ.

ತ್ಸಾರ್‌ನ ಯೂನಿಫಾರ್ಮ್ ಹಾಕಿಕೊಂಡ ಹುಡುಗರು ರಷ್ಯನ್ನರೇ ಆಗಿಬಿಟ್ಟರಾ?

ಸರ್ಕಾರದ ಆಸೆ ಅದೇ. ಆದದ್ದು ಉಲ್ಟಾ.

ಮರಿಯಾಂಪೋಲೆ ಊರಿನ ಜಿಮ್ನಾಸಿಯಂ ನೋಡಿ. ಪೋಲಿಷ್ ಪ್ರಭಾವ ತಗ್ಗಿಸಬೇಕು ಅನ್ನುವ ಲೆಕ್ಕಾಚಾರದಲ್ಲಿ ಅಲ್ಲಿ ಲಿಥುವೇನಿಯನ್ ಭಾಷೆಯನ್ನು ಒಂದು ವಿಷಯವಾಗಿ ಕಲಿಸಲು ಬಿಟ್ಟರು. ಬುದ್ಧಿವಂತ ರೈತರ ಮಕ್ಕಳಿಗೆ ಮಾಸ್ಕೋದಲ್ಲಿ ಓದಲು ವಿದ್ಯಾರ್ಥಿವೇತನವನ್ನೂ ಇಟ್ಟರು. ಅಲ್ಲಿ ಓದಿ ಮಾಸ್ಕೋಗೆ ಹೋಗಿ ಡಾಕ್ಟರಾದ ಯೋನಸ್ ಬಸನಾವಿಚಿಯುಸ್ ಮಾಡಿದ್ದೇನು? 1883ರಲ್ಲಿ 'ಔಶ್ರಾ' ಪತ್ರಿಕೆ ಶುರು ಮಾಡಿದ. ಗಡಿಯಾಚೆ ಅಚ್ಚಾಗಿ ಕದ್ದು ಬರುತ್ತಿದ್ದ ಪತ್ರಿಕೆ ಅದು. ಮುಂದೆ 1918ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಇಪ್ಪತ್ತು ಜನರಲ್ಲಿ ಅವನೂ ಒಬ್ಬ.

ಇನ್ನೊಂದು ಪ್ರಸಂಗ 1896ರದ್ದು. ಮಿತಾವ್ (ಈಗ ಲಾಟ್ವಿಯಾದ ಯೆಲ್ಗಾವಾ) ಜಿಮ್ನಾಸಿಯಂನಲ್ಲಿ ಲಿಥುವೇನಿಯನ್ ಹುಡುಗರು ಬಹಳ ಜನ ಓದುತ್ತಿದ್ದರು. ಪ್ರಾರ್ಥನೆ ಇನ್ನು ರಷ್ಯನ್‌ನಲ್ಲೇ ಹೇಳಬೇಕು ಅಂತ ಹುಕುಂ ಬಂತು. ಹುಡುಗರು ಬಾಯಿ ಬಿಡಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. ಅವರು ರಾಜಧಾನಿಯ ತನಕ ಹೋಗಿ ಮಂತ್ರಿಗೇ ಅಹವಾಲು ಕೊಟ್ಟರು. ಆ ಮಂತ್ರಿ ಯಾರು ಗೊತ್ತಾ? ಅಡುಗೆಯವರ ಮಕ್ಕಳು ಓದುವುದು ಬೇಡ ಅಂದಿದ್ದ ಅದೇ ದೆಲ್ಯಾನೋವ್. ಅಚ್ಚರಿ ಏನೆಂದರೆ, ಅವನು ಈ ಹುಡುಗರ ಮಾತು ಕೇಳಿದ. ಹೊರಗೆ ಬಿದ್ದ ಹುಡುಗರಲ್ಲಿ ಅಂತಾನಸ್ ಸ್ಮೆತೋನಾ ಕೂಡ ಇದ್ದ. 1919ರಲ್ಲಿ ಅವನು ಲಿಥುವೇನಿಯಾದ ಮೊದಲ ಅಧ್ಯಕ್ಷನಾದ. 1926ರ ಕ್ಷಿಪ್ರಕ್ರಾಂತಿಯ ನಂತರ ಸರ್ವಾಧಿಕಾರಿಯೂ ಆದ, ಆ ಮಾತು ಬೇರೆ.

1918ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಶಾಲೆಗಳು ಹೇಗಿದ್ದವು?

ಶುರುವಿನಲ್ಲಿ ಎಲ್ಲದಕ್ಕೂ ಕೊರತೆ. ಮೇಷ್ಟ್ರಿಲ್ಲ, ಪಠ್ಯಪುಸ್ತಕ ಇಲ್ಲ, ಭೌತಶಾಸ್ತ್ರ-ಗಣಿತಕ್ಕೆ ಬೇಕಾದ ಪದಗಳೇ ಭಾಷೆಯಲ್ಲಿ ಇನ್ನೂ ರೂಢಿಯಾಗಿರಲಿಲ್ಲ. 1922ರ ಸಂವಿಧಾನ ಪ್ರಾಥಮಿಕ ಶಿಕ್ಷಣ ಕಡ್ಡಾಯ ಅಂದಿತು. ಅದು ಹಳ್ಳಿಗಳಲ್ಲಿ ನಿಜವಾಗಿ ಜಾರಿಗೆ ಬರಲು ಆ ದಶಕದ ಕೊನೆಯಾಯಿತು. ನಾಲ್ಕು ವರ್ಷದ ಪ್ರಾಥಮಿಕ ಶಾಲೆ, ಆಮೇಲೆ ಜಿಮ್ನಾಸಿಯಂ. ಅದೇ 1922ರಲ್ಲಿ ಕೌನಸ್‌ನಲ್ಲಿ ವಿಶ್ವವಿದ್ಯಾಲಯವೂ ತೆರೆಯಿತು.

ಬಟ್ಟೆ ವಿಷಯಕ್ಕೆ ಬಂದರೆ, ಯೂನಿಫಾರ್ಮ್ ಜಿಮ್ನಾಸಿಯಂ ಮಕ್ಕಳದ್ದು. ಬ್ಯಾಡ್ಜ್ ಇರುವ ಟೋಪಿ, ಹುಡುಗಿಯರಿಗೆ ಬಿಳಿ ಕಾಲರಿನ ಕಡುಬಣ್ಣದ ಉಡುಪು. ಶಾಲೆಯಿಂದ ಶಾಲೆಗೆ ವ್ಯತ್ಯಾಸ ಇತ್ತು. ಹಳ್ಳಿ ಶಾಲೆಯ ಮಕ್ಕಳು ಮನೆಯಲ್ಲಿ ನೇಯ್ದ ಬಟ್ಟೆ ತೊಟ್ಟು, ಮರದ ಮೆಟ್ಟು ಹಾಕಿಕೊಂಡು ಬರುತ್ತಿದ್ದರು. ದನ ಕಾಯುವ ಮಕ್ಕಳು ಚಳಿ ಬಿದ್ದ ಮೇಲೆ ಶಾಲೆಗೆ ಸೇರಿ, ವಸಂತ ಬಂದ ಕೂಡಲೇ ಮತ್ತೆ ದನದ ಹಿಂದೆ ಹೋಗುವುದೂ ಸಾಮಾನ್ಯವಾಗಿತ್ತು.

ಆ ಕಾಲದಲ್ಲಿ ವಿಲ್ನಿಯಸ್‌ನಲ್ಲೂ ಹೀಗೇನಾ?

ಅಲ್ಲ. 1920ರಿಂದ 1939ರ ತನಕ ವಿಲ್ನಿಯಸ್ ಪೋಲೆಂಡಿನ ಕೈಯಲ್ಲಿತ್ತು. ಲಿಥುವೇನಿಯಾದ ರಾಜಧಾನಿ ಕೌನಸ್‌ಗೆ ಹೋಗಿತ್ತು. ವಿಲ್ನಿಯಸ್ ಸೀಮೆಯ ಲಿಥುವೇನಿಯನ್ ಶಾಲೆಗಳನ್ನು ಪೋಲಿಷ್ ಅಧಿಕಾರಿಗಳು 1927ರಲ್ಲಿ ಗುಂಪುಗುಂಪಾಗಿ ಮುಚ್ಚಿಸಿದರು. ಅದೇ ನಗರದಲ್ಲಿ ಯಹೂದಿಗಳ ಹೀಬ್ರೂ, ಯಿಡ್ಡಿಷ್ ಶಾಲೆಗಳೂ ಇದ್ದವು.

ಎರಡನೇ ಮಹಾಯುದ್ಧದಲ್ಲಿ?

1940ರಲ್ಲಿ ಸೋವಿಯತ್ ಸೈನ್ಯ ಬಂತು, ಶಾಲೆಗಳಿಂದ ಧರ್ಮದ ಪಾಠ ಹೋಯಿತು. 1941ರ ಜೂನ್‌ನಲ್ಲಿ ಸಾವಿರಾರು ಜನರನ್ನು ಸೈಬೀರಿಯಾದ ರೈಲು ಹತ್ತಿಸಿದರು. ಅವರಲ್ಲಿ ಮೇಷ್ಟ್ರುಗಳು, ಅವರ ಹೆಂಡತಿ ಮಕ್ಕಳು ಬಹಳ ಮಂದಿ. ಆಮೇಲೆ ಜರ್ಮನ್ನರು ಬಂದರು. ದೇಶದ ಯಹೂದಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಅಂದರೆ ಶಾಲೆಗೆ ಶಾಲೆಯೇ ಇಲ್ಲವಾಯಿತು. ವಿಲ್ನಿಯಸ್‌ನ ಗೆಟ್ಟೋ (ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ) ಒಳಗೂ ಮೇಷ್ಟ್ರುಗಳು ಮಕ್ಕಳಿಗೆ ಶಾಲೆ ನಡೆಸುತ್ತಿದ್ದರು. 1943ರಲ್ಲಿ ಗೆಟ್ಟೋವನ್ನೇ ಮುಗಿಸಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಜರ್ಮನ್ನರು ವಿಲ್ನಿಯಸ್, ಕೌನಸ್ ಎರಡೂ ಕಡೆ ವಿಶ್ವವಿದ್ಯಾಲಯ ಮುಚ್ಚಿಸಿದ್ದರು. ಅವರ ಎಸ್‌ಎಸ್ ದಳಕ್ಕೆ ಲಿಥುವೇನಿಯನ್ ಯುವಕರು ಸೇರದೆ ಹೋದದ್ದಕ್ಕೆ ಸಿಟ್ಟು.

ಸೋವಿಯತ್ ಕಾಲದ ಯೂನಿಫಾರ್ಮ್ ಹೇಗಿತ್ತು?

ಯುದ್ಧ ಮುಗಿದ ಮೇಲೆ, 1948ರ ಹೊತ್ತಿಗೆ ಸೋವಿಯತ್ ಸರ್ಕಾರ ಹೊಸ ಯೂನಿಫಾರ್ಮ್ ತಂದಿತು. ಹುಡುಗಿಯರಿಗೆ ಕಂದು ಉಡುಪು, ಕಪ್ಪು ಏಪ್ರನ್, ಹಬ್ಬಕ್ಕೆ ಬಿಳಿ ಏಪ್ರನ್. ಹುಡುಗರಿಗೆ ಸೈನಿಕರಂತೆ ಅಂಗಿ, ಬೆಲ್ಟು, ಟೋಪಿ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ತ್ಸಾರ್‌ನನ್ನು ಕಿತ್ತೊಗೆದ ಕ್ರಾಂತಿ ಅವನ ಜಿಮ್ನಾಸಿಯಂ ಬಟ್ಟೆಯನ್ನೇ ಹೆಚ್ಚುಕಡಿಮೆ ಹಾಗೇ ವಾಪಸ್ ತಂದಿತ್ತು.

ಹಾಕಿಕೊಂಡವರಿಗೆ ಆ ಉಡುಪು ಒಂದು ಕಾಟ. ಉಣ್ಣೆ ಚುಚ್ಚುತ್ತದೆ, ದಿನಾ ಒಗೆಯಲು ಆಗುವುದಿಲ್ಲ. ಅದಕ್ಕೇ ಕೊರಳಿಗೆ, ಮುಂಗೈಗೆ ಬಿಡಿಯಾದ ಬಿಳಿ ಕಾಲರ್, ಬಿಳಿ ಪಟ್ಟಿ. ಅವನ್ನು ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ, ಮತ್ತೆ ಸೂಜಿ-ದಾರ ಹಿಡಿದು ಹೊಲಿಯಬೇಕು. ಭಾನುವಾರ ಸಂಜೆಯ ಕೆಲಸವೇ ಇದು. ಕಾಲರ್ ಕೊಳೆಯಾಗಿದ್ದರೆ ಸೋಮವಾರ ಟೀಚರ್ ಕೈಲಿ ಬೈಗುಳ ಗ್ಯಾರಂಟಿ. ಚಂದ ಮಾಡಿಕೊಳ್ಳಲು ಹುಡುಗಿಯರಿಗೆ ಸಿಕ್ಕಿದ್ದೂ ಆ ಕಾಲರ್ ಒಂದೇ. ಲೇಸು ಹೆಣೆದು ಹಾಕುತ್ತಿದ್ದರು.

ಹುಡುಗರ ಸೈನಿಕ ಅಂಗಿ 1960ರ ದಶಕದಲ್ಲಿ ಹೋಗಿ ಬೂದು ಸೂಟು ಬಂತು, 1970ರ ದಶಕದಲ್ಲಿ ನೀಲಿ ಜಾಕೆಟ್. ಅದರ ತೋಳಿನ ಮೇಲೆ ತೆರೆದ ಪುಸ್ತಕ, ಮೂಡುವ ಸೂರ್ಯ ಇರುವ ಪ್ಲಾಸ್ಟಿಕ್ ಬಿಲ್ಲೆ.

ಬಟ್ಟೆಗಿಂತ ಮುಖ್ಯ ಅದರ ಮೇಲೆ ಸಿಕ್ಕಿಸುವ ವಸ್ತು. ಚಿಕ್ಕವರಿಗೆ ಪುಟಾಣಿ ಲೆನಿನ್ ಮುಖದ ನಕ್ಷತ್ರ, ಸ್ವಲ್ಪ ದೊಡ್ಡವರಾದರೆ ಪಯೋನಿಯರ್ ಅನ್ನುವ ಕಮ್ಯುನಿಸ್ಟ್ ಮಕ್ಕಳ ಸಂಘದ ಕೆಂಪು ಸ್ಕಾರ್ಫ್, ಆಮೇಲೆ ಪಕ್ಷದ ಯುವ ಸಂಘವಾದ ಕೊಮ್ಸೊಮೋಲ್ ಬ್ಯಾಡ್ಜ್. ಹೇಳಲು ಇದು ಇಷ್ಟ ಇದ್ದವರಿಗೆ. ಸೇರದಿದ್ದರೆ ಮುಂದೆ ಕಾಲೇಜು ಸೀಟಿಗೆ ತೊಂದರೆ. ಹೀಗಾಗಿ ಯಾರ ಕೊರಳಲ್ಲಿ ಕೆಂಪು ಸ್ಕಾರ್ಫ್ ಇಲ್ಲ ಅನ್ನುವುದು ಇಡೀ ತರಗತಿಗೆ ಕಾಣುತ್ತಿತ್ತು.

ಸೋವಿಯತ್ ಕಾಲದಲ್ಲಿ ಪಾಠವೆಲ್ಲ ರಷ್ಯನ್‌ನಲ್ಲಾ?

ಬಹಳ ಜನ ಹಾಗಂದುಕೊಂಡಿದ್ದಾರೆ. ಹಾಗಿರಲಿಲ್ಲ. ಲಿಥುವೇನಿಯನ್ ಮಾಧ್ಯಮದ ಶಾಲೆಗಳೇ ಜಾಸ್ತಿ. ರಷ್ಯನ್ ಕಡ್ಡಾಯ ವಿಷಯ. ಹಿಡಿತ ಇದ್ದದ್ದು ಭಾಷೆಯ ಮೇಲಲ್ಲ, ಪಾಠದ ಒಳಗಿನ ಸಂಗತಿ ಮೇಲೆ. ಇತಿಹಾಸದ ಪುಸ್ತಕದಲ್ಲಿ 1940ರ ಆಕ್ರಮಣ 'ಜನ ತಾವಾಗಿ ಕೇಳಿಕೊಂಡ ಸೇರ್ಪಡೆ' ಆಗಿತ್ತು. ಮನೆಯಲ್ಲಿ ಅಜ್ಜಿ ಹೇಳುವುದು ಒಂದು, ಶಾಲೆಯಲ್ಲಿ ಬರೆಯುವುದು ಇನ್ನೊಂದು. ಡಿಸೆಂಬರ್ 25 ಮಾಮೂಲಿ ಶಾಲೆಯ ದಿನ. ಚರ್ಚಿಗೆ ಹೋದ ಮಕ್ಕಳನ್ನು ಕರೆದು ನಿಲ್ಲಿಸಿ ವಿಚಾರಿಸುವುದು, ನಾಲ್ಕು ಜನರ ಮುಂದೆ ಗೇಲಿ ಮಾಡುವುದು ನಡೆಯುತ್ತಿತ್ತು. ಇಂಥ ಘಟನೆಗಳನ್ನು ಊರು, ಶಾಲೆ ಸಮೇತ ದಾಖಲಿಸಿದ್ದು ಕ್ಯಾಥೊಲಿಕ್ ಚರ್ಚಿನ ಗುಪ್ತ ಪತ್ರಿಕೆ. 1972ರಲ್ಲಿ ಶುರುವಾಗಿ 1989ರ ತನಕ ಟೈಪ್‌ರೈಟರಿನಲ್ಲಿ ಪ್ರತಿ ಮಾಡಿ ಕೈಯಿಂದ ಕೈಗೆ ಸಾಗಿತು. ಸೋವಿಯತ್ ಗುಪ್ತಚರ ಪೊಲೀಸ್ ಕೆಜಿಬಿಗೆ ಅದನ್ನು ನಿಲ್ಲಿಸಲು ಆಗಲೇ ಇಲ್ಲ. ಪುಸ್ತಕ ಸಾಗಿಸಿದವರ ಮೊಮ್ಮಕ್ಕಳು, ಇನ್ನೇನು ತಾನೇ ಮಾಡಿಯಾರು.

ಆ ಯೂನಿಫಾರ್ಮ್ ಹೋದದ್ದು ಯಾವಾಗ?

ಸ್ವಾತಂತ್ರ್ಯ ಚಳವಳಿಯ ಬಿಸಿಯಲ್ಲಿ, 1980ರ ದಶಕದ ಕೊನೆಗೆ. ಮೊದಲು ಸ್ಕಾರ್ಫ್, ಬ್ಯಾಡ್ಜ್ ಬಿದ್ದುಹೋದವು, ಹಿಂದೆಯೇ ಬಟ್ಟೆ. 1990ರ ಮಾರ್ಚ್ 11ರಂದು ದೇಶ ಮತ್ತೆ ಸ್ವತಂತ್ರ ಅಂತ ಘೋಷಿಸಿಕೊಂಡಿತು. ಮಕ್ಕಳು ಜೀನ್ಸ್, ಸ್ವೆಟರ್‌ನಲ್ಲಿ ಶಾಲೆಗೆ ಬಂದರು.

ಪಾಠ ಬದಲಿಸುವ ಯೋಚನೆ ಇನ್ನೂ ಮೊದಲೇ ಶುರುವಾಗಿತ್ತು. ಅದರ ಮುಂದಾಳು ಮೇಯ್ಲೆ ಲುಕ್‌ಶ್ಯೆನೆ. 1950ರ ದಶಕದ ಕೊನೆಯಲ್ಲಿ, ಸಾಹಿತ್ಯವನ್ನು ಪಕ್ಷ ಹೇಳಿದ ಹಾಗೆ ಕಲಿಸುವುದಿಲ್ಲ ಅನ್ನುವ ಕಾರಣಕ್ಕೆ ವಿಲ್ನಿಯಸ್ ವಿಶ್ವವಿದ್ಯಾಲಯದ ವಿಭಾಗ ಮುಖ್ಯಸ್ಥೆ ಸ್ಥಾನದಿಂದ ಅವರನ್ನು ಇಳಿಸಿದ್ದರು. ಮೂವತ್ತು ವರ್ಷ ಬಿಟ್ಟು, 1988ರಲ್ಲಿ, ಹೊಸ ಶಾಲೆ ಹೇಗಿರಬೇಕು ಅನ್ನುವ ಕರಡು ಹೊರಬಂದಾಗ ಅದರ ಹಿಂದೆ ಅವರೇ ಇದ್ದರು.

ಈಗ ಯೂನಿಫಾರ್ಮ್ ಇದೆಯಾ?

ಇದೆ, ಆದರೆ ದೇಶಕ್ಕೆಲ್ಲ ಒಂದೇ ಅಂತಿಲ್ಲ. 2000ರ ದಶಕದಲ್ಲಿ ಒಂದೊಂದೇ ಶಾಲೆ ಮತ್ತೆ ಯೂನಿಫಾರ್ಮ್ ತಂದಿತು. ಬಟ್ಟೆ ನೋಡಿ ಕೆಣಕುವುದು ಜಾಸ್ತಿಯಾಗಿದೆ, ಬಡವರ ಮಕ್ಕಳಿಗೆ ಮುಜುಗರ ಆಗುತ್ತಿದೆ ಅನ್ನುವುದು ಆಗ ಕೇಳಿಬಂದ ಕಾರಣ. ಹಾಕಬೇಕೋ ಬೇಡವೋ, ಯಾವ ಬಣ್ಣ, ಎಲ್ಲವನ್ನೂ ಆಯಾ ಶಾಲೆಯೇ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಕಾಣುವುದು ಶಾಲೆಯ ಲಾಂಛನ ಇರುವ ಜಾಕೆಟ್ ಅಥವಾ ತೋಳಿಲ್ಲದ ವೇಸ್ಟ್‌ಕೋಟ್, ಹುಡುಗಿಯರಿಗೆ ಚೌಕುಳಿ ಸ್ಕರ್ಟ್. ಕಂದು ಉಡುಪು, ಕಪ್ಪು ಏಪ್ರನ್ ಯಾರಿಗೂ ಬೇಡ.

ದುಡ್ಡು ಅಪ್ಪ ಅಮ್ಮನದೇ. ನಮ್ಮ ಸರ್ಕಾರಿ ಶಾಲೆಗಳ ಹಾಗೆ ಎಲ್ಲರಿಗೂ ಬಟ್ಟೆ ಕೊಡುವ ಪದ್ಧತಿ ಅಲ್ಲಿಲ್ಲ. ಆದಾಯ ಕಡಿಮೆ ಇರುವ ಮನೆಗಳಿಗೆ ಶಾಲೆ ಸಾಮಾನಿಗೆ, ಮಧ್ಯಾಹ್ನದ ಊಟಕ್ಕೆ ನೆರವು ಸಿಗುತ್ತದೆ.

ಈಗ ಎಷ್ಟು ವರ್ಷದ ಶಾಲೆ?

ಹನ್ನೆರಡು. ನಾಲ್ಕು ಪ್ರಾಥಮಿಕ, ಆರು ಮಾಧ್ಯಮಿಕ, ಕೊನೆಯ ಎರಡು ನಮ್ಮ ಪಿಯುಸಿ ಇದ್ದ ಹಾಗೆ. ಅದಕ್ಕೂ ಮೊದಲು ಒಂದು ವರ್ಷದ ಪೂರ್ವ ತಯಾರಿ ತರಗತಿ 2016ರಿಂದ ಕಡ್ಡಾಯ. 16 ವರ್ಷ ತುಂಬುವ ತನಕ ಶಾಲೆ ಬಿಡುವಂತಿಲ್ಲ. ಅಂಕ ಹತ್ತಕ್ಕೆ. ಕೊನೆಗೆ ಇಡೀ ದೇಶಕ್ಕೆ ಒಂದೇ ಸರ್ಕಾರಿ ಪರೀಕ್ಷೆ, ಅದರಲ್ಲಿ ಲಿಥುವೇನಿಯನ್ ಭಾಷೆ ಮತ್ತು ಸಾಹಿತ್ಯ ಎಲ್ಲರಿಗೂ ಕಡ್ಡಾಯ.

ಬೇರೆ ಭಾಷೆಯ ಮಕ್ಕಳು ಏನು ಮಾಡುತ್ತಾರೆ?

ಪೋಲಿಷ್, ರಷ್ಯನ್ ಮಾಧ್ಯಮದ ಸರ್ಕಾರಿ ಶಾಲೆಗಳಿವೆ, ಹೆಚ್ಚಾಗಿ ವಿಲ್ನಿಯಸ್ ಸುತ್ತಮುತ್ತ. ಜಗಳವೂ ಇದೆ. 2011ರಲ್ಲಿ ಶಿಕ್ಷಣ ಕಾನೂನು ತಿದ್ದಿ, ಲಿಥುವೇನಿಯನ್ ಪರೀಕ್ಷೆ ಎಲ್ಲ ಶಾಲೆಗೂ ಒಂದೇ ಅಂದಾಗ ಪೋಲಿಷ್ ಪೋಷಕರು ಬೀದಿಗಿಳಿದರು. ಒಂದು ಕಾಲದಲ್ಲಿ ತಮ್ಮ ಭಾಷೆಗಾಗಿ ಜೈಲಿಗೆ ಹೋದ ಜನ ಈಗ ಅಧಿಕಾರದಲ್ಲಿದ್ದಾರೆ. ಇಂಥ ಕಡೆ ಅವರು ಇನ್ನಷ್ಟು ಉದಾರವಾಗಿ ನಡೆದುಕೊಳ್ಳಬಹುದಿತ್ತು ಅಂತ ನನಗೆ ಅನಿಸುತ್ತದೆ. ದೇಶದ ಭಾಷೆ ಬಾರದೆ ಮಕ್ಕಳಿಗೆ ಕೆಲಸ ಸಿಗುವುದಿಲ್ಲ ಅನ್ನುವ ವಾದದಲ್ಲೂ ಹುರುಳಿಲ್ಲ ಅನ್ನಲಾಗದು.

ಶಾಲೆಯ ಹಬ್ಬ ಏನಾದರೂ ಇದೆಯಾ?

ಸೆಪ್ಟೆಂಬರ್ 1. ಶಾಲೆ ತೆರೆಯುವ ದಿನ. ಮಕ್ಕಳು ಟೀಚರಿಗೆ ಹೂ ಹಿಡಿದು ಬರುತ್ತಾರೆ, ಮೊದಲ ತರಗತಿಯವರ ಕೈಯಲ್ಲಿ ಅವರಿಗಿಂತ ದೊಡ್ಡ ಹೂಗುಚ್ಛ. ಕೊನೆಯ ವರ್ಷದವರಿಗೆ ಪರೀಕ್ಷೆಗೆ ನೂರು ದಿನ ಇರುವಾಗ ಇನ್ನೊಂದು ಗಮ್ಮತ್ತು. ಅದನ್ನು ಏರ್ಪಡಿಸುವವರು ಒಂದು ವರ್ಷ ಕಿರಿಯರು. ನಾಟಕ, ಅಣಕ, ಮೇಷ್ಟ್ರುಗಳ ಮಿಮಿಕ್ರಿ ಎಲ್ಲ ಇರುತ್ತದೆ.

ಇದನ್ನೆಲ್ಲ ನೋಡಬೇಕಂದರೆ ಎಲ್ಲಿಗೆ ಹೋಗಬೇಕು?

ಕೌನಸ್‌ಗೆ. ಅಲ್ಲಿ ಶಿಕ್ಷಣದ ಇತಿಹಾಸಕ್ಕೇ ಮೀಸಲಾದ ಮ್ಯೂಸಿಯಂ ಇದೆ, 1922ರಲ್ಲಿ ಶುರುವಾದದ್ದು. ಅದೇ ಊರಿನ ಯುದ್ಧ ಮ್ಯೂಸಿಯಂ ಮುಂದಿನ ತೋಟದಲ್ಲಿ ಪುಸ್ತಕದ ಹೊರೆ ಹೊತ್ತು ಬಗ್ಗಿ ನಡೆಯುವ ಕಳ್ಳಸಾಗಣೆಗಾರನ ಪ್ರತಿಮೆ ಉಂಟು. ಯೂಜಸ್ ಜಿಕಾರಸ್ ಮಾಡಿದ್ದು. ವಿಲ್ನಿಯಸ್‌ಗೆ ಹೋದರೆ ಹಳೇ ವಿಶ್ವವಿದ್ಯಾಲಯದ ಅಂಗಳಗಳನ್ನು ತಪ್ಪಿಸಬೇಡಿ. ಸೆಪ್ಟೆಂಬರ್ 1ಕ್ಕೆ ಸರಿಯಾಗಿ ಹೋದರೆ ಈಗಿನ ಯೂನಿಫಾರ್ಮ್‌ಗಳನ್ನು ನೋಡಲು ಮ್ಯೂಸಿಯಂ ಬೇಕಾಗಿಲ್ಲ, ಬಸ್ ಸ್ಟಾಪಿನಲ್ಲಿ ನಿಂತರೆ ಸಾಕು.